ಅರ್ಧ ಬಾಟ್ಸನ್ನಿನ ದಾನಿಗಳು ಮತ್ತು ಧಾರವಾಡದ ಮಕ್ಕಳು

ಮಾಳಮಡ್ಡಿ ಅಂದಕೂಡಲೇ ಧಾರವಾಡದವರಿಗೆ ಮಠಗಳು, ಕೆ.ಇ. ಬೋರ್ಡ್ ಶಾಲೆ, ಪಕ್ಕದ ರೇಲ್ವೆ ಸ್ಟೇಶನ್ನು ನೆನಪಾಗುತ್ತವೆ. ಆದರೆ ಆ ರೈಲು ಇಲ್ಲಿಗೆ ಬಂದದ್ದು ಬರಗಾಲದ ದೆಸೆಯಿಂದ ಅನ್ನೋದು ಎಷ್ಟು ಜನಕ್ಕೆ ಗೊತ್ತೋ! 1876-78ರಲ್ಲಿ ನಮ್ಮ ಹಿರಿಯರು 'ಧಾತು ಈಶ್ವರ ಬರ' ಅಂತ ಕರೆದ ಬರ ಬಿತ್ತು. ಕಾಳು ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಅದರ ಮುಖ್ಯ ಕಚೇರಿ ಧಾರವಾಡದಲ್ಲೇ ಇತ್ತು.

ಬರ ಬಿಟ್ಟುಹೋದ ಅನಾಥ ಮಕ್ಕಳನ್ನು ಸಾಕಿದವರಲ್ಲಿ ಬಾಸೆಲ್ ಮಿಶನ್ನಿನವರೂ ಇದ್ದರು. ಇವರು ಕ್ಯಾಥೊಲಿಕ್ಕರಲ್ಲ, ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದವರು. ನಿಘಂಟಿನ ಕಿಟೆಲ್ ಈ ಮಿಶನ್ನಿನವರೇ.

ಇವರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು? ಬಹುಪಾಲು ಸಣ್ಣ ಜನರಿಂದ. 1855ರಲ್ಲಿ ಬಾಸೆಲ್ಲಿನ ಕಾರ್ಲ್ ಸಾರಾಸಿನ್ ಎಂಬುವರು ಒಂದು ಯೋಜನೆ ಹೂಡಿದರು: ಪ್ರತಿಯೊಬ್ಬರೂ ವಾರಕ್ಕೆ ಅರ್ಧ ಬಾಟ್ಸನ್, ಅಂದರೆ ಐದು ರಾಪನ್ ಕೊಡುವುದು. ಹಳ್ಳಿಯ ರೈತರು, ಕೆಲಸದ ಹೆಣ್ಣಾಳುಗಳು ಕೂಡಾ ಕೊಟ್ಟರು. ನಮ್ಮಲ್ಲಿ ಮುಷ್ಟಿ ಅಕ್ಕಿ ಎತ್ತಿಡುವ ಪದ್ಧತಿ ಇತ್ತಲ್ಲ, ಹಾಗೆ. ಅಲ್ಲಿಯ ಭಾನುವಾರದ ಶಾಲೆಗಳಲ್ಲಿ ಇನ್ನೊಂದು ಡಬ್ಬಿ ಇರುತ್ತಿತ್ತು. ಮೊಣಕಾಲೂರಿ ಕುಳಿತ ಆಫ್ರಿಕನ್ ಹುಡುಗನ ಬೊಂಬೆ. ನಾಣ್ಯ ಹಾಕಿದರೆ ತಲೆಯಾಡಿಸಿ ಥ್ಯಾಂಕ್ಸ್ ಹೇಳುತ್ತಿತ್ತು. ನನಗೆ ಇದು ಕಸಿವಿಸಿ ಅನಿಸುತ್ತದೆ. ಕೊಟ್ಟವರ ಪ್ರೀತಿ ಸುಳ್ಳಲ್ಲ. ಆದರೆ ಆ ಮಗುವಿಗೆ ತಲೆಯಾಡಿಸುವುದು ಬಿಟ್ಟು ಬೇರೆ ಕೆಲಸವೇ ಇರಲಿಲ್ಲ.

ದಾನಿಗಳಲ್ಲಿ ಹೆಚ್ಚಿನವರು ಧಾರವಾಡವನ್ನು ಕಣ್ಣಿಂದ ನೋಡಲೇ ಇಲ್ಲ, ಮಿಶನ್ ಪತ್ರಿಕೆಯಲ್ಲಿ ಓದಿದರು ಅಷ್ಟೇ. ಅವರ ಪರವಾಗಿ ಬಂದು ನೋಡಿದವನು ಮಿಶನ್ನಿನ ಇನ್‌ಸ್ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್. 1851-52ರಲ್ಲಿ ಹಿಂದೂಸ್ತಾನಕ್ಕೆ ಬಂದು ಕೇಂದ್ರಗಳನ್ನು ಸುತ್ತಿದ. ಶಿಸ್ತಿನ ಮನುಷ್ಯ, ಎಲ್ಲಕ್ಕೂ ನಿಯಮ ಬರೆದವನು. 1853ರಲ್ಲಿ ಬಾಸೆಲ್ಲಿನಲ್ಲಿ ಮಿಶನರಿಗಳ ಸ್ವಂತ ಮಕ್ಕಳಿಗಾಗಿ ವಸತಿಗೃಹ ಶುರುವಾಯಿತು. ಶಾಲೆಗೆ ಹೋಗುವ ವಯಸ್ಸಾದ ಕೂಡಲೇ ಮಕ್ಕಳನ್ನು ಊರಿಗೆ ಕಳಿಸಬೇಕು. ಇಲ್ಲಿ ಪರರ ಅನಾಥ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರು ತಮ್ಮ ಮಕ್ಕಳನ್ನು ಹಡಗು ಹತ್ತಿಸಿದರು!

ಇದಕ್ಕೂ ಮೊದಲೇ ಹಾಗೆ ಹೋದವಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮೇರಿ ಗುಂಡರ್ಟ್. ಪುಟ್ಟ ಮಗುವಿದ್ದಾಗ ಯುರೋಪಿನಲ್ಲಿ ಬಿಟ್ಟರು. ಅವಳು ಮರಳಿ ಅಪ್ಪ-ಅಮ್ಮನ ಹತ್ತಿರ ಬಂದದ್ದು ಹದಿನೈದರ ಆಸುಪಾಸಿನಲ್ಲಿ. ಮುಂದೆ ಅವಳ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ.

ನಮ್ಮ ರೇಲ್ವೆ ಕಂಪನಿ ಹುಟ್ಟಿದ ಅದೇ 1882ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಹತ್ತಿರ ಫ್ರಾನ್ಜ್ ಫಾನರ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಮರಿಯನ್‌ಹಿಲ್ ಮಠ ಕಟ್ಟಿದ. ಜುಲು ಮಕ್ಕಳಿಗೆ ಓದು, ಬಡಿಗತನ, ಕಮ್ಮಾರಿಕೆ ಕಲಿಸುತ್ತಿದ್ದರು. 1895ರಲ್ಲಿ ಅಲ್ಲಿಗೆ ಹೋದ ಒಬ್ಬ ಅತಿಥಿ ನಮಗೆಲ್ಲ ಗೊತ್ತು: ಬ್ಯಾರಿಸ್ಟರ್ ಗಾಂಧಿ. ಲಂಡನ್ನಿನ 'ದಿ ವೆಜಿಟೇರಿಯನ್' ಪತ್ರಿಕೆಗೆ ಮೆಚ್ಚಿಕೊಂಡು ಬರೆದರು. ಸನ್ಯಾಸಿಗಳು ಮಾಂಸ ಮುಟ್ಟುವುದಿಲ್ಲ, ಮೌನವಾಗಿದ್ದು ಮೈಮುರಿದು ದುಡಿಯುತ್ತಾರೆ ಅನ್ನೋದು ಅವರ ಕಣ್ಣಿಗೆ ಬಿತ್ತು. ಓದುಗರು ಶಾಕಾಹಾರಿಗಳು, ಬರೆಯುವವರೂ ಶಾಕಾಹಾರಿ, ಸಹಜವೇ. ಯೋಸೆನ್‌ಹಾನ್ಸನಿಗೆ ಶಿಸ್ತು ಬೇಕಿತ್ತು, ಗಾಂಧಿಗೆ ಸರಳ ಬದುಕು. ಒಂಬತ್ತು ವರ್ಷಕ್ಕೆ, 1904ರಲ್ಲಿ, ಅದೇ ಡರ್ಬನ್ ಹತ್ತಿರ ಫೀನಿಕ್ಸ್ ಆಶ್ರಮ ಎದ್ದಿತು.

ಬಾಸೆಲ್ ಮಿಶನ್ನಿನ ಹಳೇ ಫೋಟೋಗಳು ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತವೆ. ಸಾಲಾಗಿ ನಿಂತ ಶಾಲೆ ಮಕ್ಕಳು, ನೆಟ್ಟ ನೋಟ. ವಿವರ ಬರೆದದ್ದು ಮಿಶನ್ನಿನವರು, ಬಹಳಷ್ಟು ಜರ್ಮನ್ನಿನಲ್ಲಿ. ಆ ಮಕ್ಕಳು ತಮ್ಮ ಬಗ್ಗೆ ಏನು ಹೇಳುತ್ತಿದ್ದರು? ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಹಳೇ ಕ್ರೈಸ್ತ ಮನೆತನಗಳಲ್ಲಿ ಮುತ್ತಜ್ಜಿ ಹೇಳಿದ ಬರದ ಕಥೆ ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಕನ್ನಡದಲ್ಲೇ ಬರೆದಿಡಿ.