ಹೆಸರು ಕೂಗುವ ಕೆಲಸ

ಮತಗಟ್ಟೆಯಲ್ಲಿ ಮೊದಲನೇ ಮತಗಟ್ಟೆ ಅಧಿಕಾರಿಯ ಕೆಲಸ ನೋಡೋಕೆ ಸಣ್ಣದು. ಬಂದವರ ಗುರುತು ನೋಡಬೇಕು, ಪಟ್ಟಿಯಲ್ಲಿ ಕ್ರಮಸಂಖ್ಯೆ ಹುಡುಕಬೇಕು, ಏಜೆಂಟರಿಗೆ ಕೇಳುವಂತೆ ಹೆಸರನ್ನು ಗಟ್ಟಿಯಾಗಿ ಕೂಗಬೇಕು. 2024ರ ಏಪ್ರಿಲ್ 26ರಂದು ಬೆಳಿಗ್ಗೆ ಏಳರಿಂದ ನಾವು ಮಾಡಿದ್ದು ಇದನ್ನೇ. ಕೇರಿಯಲ್ಲಿ ಹುಟ್ಟಿ, ಮನೆಯಲ್ಲಿ ಮೊದಲಿಗೆ ಡಿಗ್ರಿ ಓದಿ ಮೇಷ್ಟ್ರಾದ ನಾವು, ಊರ ದೊಡ್ಡವರ ಹೆಸರನ್ನು ಹಿಂದೆ 'ಬುದ್ಧಿ', ಮುಂದೆ 'ಸ್ವಾಮಿ' ಸೇರಿಸದೆ, ಬರೀ ಹೆಸರಾಗಿ ಕೂಗಿದೆವು. ನಮ್ಮ ತಾತ ಗೌಡರ ಹೆಸರನ್ನು ಬಾಯಿಬಿಟ್ಟು ಆಡಿದ್ದನ್ನು ನಾವು ಒಂದು ದಿನವೂ ಕೇಳಿರಲಿಲ್ಲ.

ಈ ಮೇಜಿನ ಹಿಂದೆ ನಾವು ಕೂರುವುದಕ್ಕೆ ಎಷ್ಟು ವರ್ಷ ಹಿಡಿಯಿತು?

ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತೆಂದು ಪಠ್ಯಪುಸ್ತಕ ಹೆಮ್ಮೆಯಿಂದ ಹೇಳುತ್ತದೆ. ಅಲ್ಲಿ ಕೂತವರು ಭೂಮಾಲೀಕರು ಮತ್ತು ವರ್ತಕರು. ಭೂಮಿ ಉತ್ತವನು ಪ್ರಜೆಯೇ ಹೊರತು ಪ್ರತಿನಿಧಿಯಲ್ಲ. ಬ್ರಿಟಿಷರ 1935ರ ಕಾಯಿದೆಯೂ ಓಟನ್ನು ಆಸ್ತಿಗೆ, ತೆರಿಗೆಗೆ, ಓದಿಗೆ ಕಟ್ಟಿಹಾಕಿತ್ತು. ಆಸ್ತಿ ಹೊಂದಬಾರದು, ಅಕ್ಷರ ಕಲಿಯಬಾರದು ಅಂತ ಮೊದಲು ಕಟ್ಟು ಮಾಡಿ, ಆಮೇಲೆ ಅವೆರಡೂ ಇಲ್ಲದವರಿಗೆ ಓಟಿಲ್ಲ ಅನ್ನುವುದು ಎಂಥ ನ್ಯಾಯ? ಈ ಪ್ರಶ್ನೆ ಬಾಬಾಸಾಹೇಬರದು. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರಿಗೆ ಓಟಿನ ಅರ್ಹತೆಯನ್ನು ತಗ್ಗಿಸಬೇಕೆಂದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಓಟು ಕೊಡಿ ಎಂದರು. ಸಂವಿಧಾನದ 326ನೇ ವಿಧಿಯಲ್ಲಿ ಅದು ಸಿಕ್ಕಿತು. ಯಾರೂ ದಯಪಾಲಿಸಿದ್ದಲ್ಲ.

ಮೊದಲ ಚುನಾವಣೆ 1951ರ ಅಕ್ಟೋಬರ್ 25ರಂದು ಹಿಮಾಚಲದ ಚಿನಿಯಲ್ಲಿ ಶುರುವಾಯಿತು. ಹಿಮ ಬಿದ್ದರೆ ದಾರಿ ಮುಚ್ಚುತ್ತದೆಂದು ಅಲ್ಲಿ ಮೊದಲೇ ಮತದಾನ ಇಟ್ಟಿದ್ದರು. ಸ್ವತಂತ್ರ ಭಾರತದ ಮೊದಲ ಮತದಾರರೆಂದು ಹೆಸರಾದ ಶ್ಯಾಮ್ ಸರಣ್ ನೇಗಿ ಅಲ್ಲಿನ ಶಾಲಾ ಮೇಷ್ಟ್ರು. ಅವರಿಗೆ ಅಂದು ಚುನಾವಣಾ ಡ್ಯೂಟಿಯಿತ್ತು. ಬೇಗ ಓಟು ಹಾಕಿ ಕೆಲಸಕ್ಕೆ ಹೋಗಬೇಕಿತ್ತು. 2022ರ ನವೆಂಬರಿನಲ್ಲಿ ತೀರಿಕೊಳ್ಳುವ ಮೂರು ದಿನ ಮೊದಲೂ ಅವರು ಓಟು ಹಾಕಿದ್ದರು. ಮೇಷ್ಟ್ರುಗಳೇ, ಈ ಚರಿತ್ರೆಯ ಮೊದಲ ಸಾಲಿನಲ್ಲೇ ನಮ್ಮ ಡ್ಯೂಟಿ ಇದೆ.

ಆ ಹೊತ್ತಿಗೆ ದೇಶದಲ್ಲಿ ನೂರಕ್ಕೆ 18 ಮಂದಿಗೆ ಮಾತ್ರ ಓದು ಬರುತ್ತಿತ್ತು. ಮತದಾರರು ಹದಿನೇಳು ಕೋಟಿಗೂ ಮಿಕ್ಕಿ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರ ಕಾಲದಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದಕ್ಕೆ ಚಿಹ್ನೆ ಅಂಟಿಸಿದರು. ಚಿತ್ರ ನೋಡಿ ಚೀಟಿ ಹಾಕಿದರಾಯಿತು. ಆದರೆ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಕಾರಣ? ಅವರು ತಮ್ಮ ಹೆಸರು ಹೇಳಲಿಲ್ಲ. 'ಇಂಥವನ ಹೆಂಡ್ತಿ', 'ಇಂಥವನ ತಾಯಿ' ಅಂತ ಬರೆಸಿದ್ದರು. ಹೆಸರಿಲ್ಲದವರಿಗೆ ಓಟಿಲ್ಲ. ಅದೇ ಚುನಾವಣೆಯಲ್ಲಿ ಸಂವಿಧಾನ ಬರೆದ ಅಂಬೇಡ್ಕರರು ಉತ್ತರ ಮುಂಬಯಿಯಲ್ಲಿ ಸೋತರು. ಓಟು ಬಂತೆಂದರೆ ಎಲ್ಲವೂ ಬಂತೆಂದು ನಂಬುವವರು ಈ ಸೋಲನ್ನು ನೆನೆಯಬೇಕು.

ಇನ್ನು ಶಾಯಿ. 1962ರಿಂದ ಅದು ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಬರುತ್ತಿದೆ. 1937ರಲ್ಲಿ ಅರಗು ಮತ್ತು ಬಣ್ಣಕ್ಕೆಂದು ಶುರುವಾದ ಕಾರ್ಖಾನೆ ಅದು. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ, ಬೆಳಕು ಬಿದ್ದು ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಅವತ್ತು ಶಾಯಿ ಹಚ್ಚುತ್ತಿದ್ದ ಗೆಳೆಯನೂ ನಮ್ಮಂಥ ಕೇರಿಯಿಂದ ಬಂದವನೇ. ಹಿರಿಯರೊಬ್ಬರು ಕೈ ಚಾಚದೆ, "ದೂರದಿಂದ್ಲೇ ಹಚ್ಚಪ್ಪ" ಅಂದರು. ಅವನು ನಗುತ್ತಲೇ ಅಂದ, "ಬೆರಳು ಹಿಡೀದೆ ಗೆರೆ ಬರಾಕಿಲ್ಲ ಯಜಮಾನ್ರೇ." ಹಿಡಿದ, ಎಳೆದ. ಉಗುರಿನಿಂದ ಗಿಣ್ಣಿನವರೆಗೆ ಎಲ್ಲರಿಗೂ ಅದೇ ಗೆರೆ.

ಮಧ್ಯಾಹ್ನ ಸಾಲು ಗೇಟು ದಾಟಿತ್ತು. ಬೆಂಗಳೂರಿನ ಗಾರೆ ಕೆಲಸದಿಂದ ರಾತ್ರಿ ಬಸ್ಸಿಗೆ ಬಂದ ಕೇರಿಯ ಹುಡುಗನೊಬ್ಬ ಮುಂದೆ ನಿಂತ. ಪಟ್ಟಿ ನೋಡಿದರೆ ಅವನ ಹೆಸರಿಗೆ ಆಗಲೇ ಗೆರೆ ಬಿದ್ದಿದೆ. ಬೆರಳಲ್ಲಿ ಶಾಯಿಯಿಲ್ಲ. ಬೆಳಗಿನ ನೂಕುನುಗ್ಗಲಲ್ಲಿ ಅವನ ಹೆಸರು ಕೂಗಿದ್ದು ನಾವೇ. ಮುಖ ನೋಡದೆ ಚೀಟಿ ಮಾತ್ರ ನೋಡಿದ್ದು ನಾವೇ. ಏಜೆಂಟನೊಬ್ಬ "ಆಗೋಯ್ತು, ಕಳ್ಸಿ ಸಾರ್" ಅಂದ. ಹುಡುಗ ತಿರುಗಿ ಹೊರಟೇಬಿಟ್ಟ. ಇಲ್ಲ ಅನ್ನಿಸಿಕೊಂಡು ಹೋಗುವುದು ಅವನಿಗೆ ರೂಢಿ. ನಾವು ಎದ್ದು ಕೂಗಿ ಕರೆದೆವು. ಗುರುತು ಸಾಬೀತಾದರೆ ಅವನಿಗೆ ಟೆಂಡರ್ ಮತಪತ್ರ ಕೊಡಲೇಬೇಕೆಂದು ನಿಯಮವಿದೆ. ಅಧ್ಯಕ್ಷಾಧಿಕಾರಿ ಕೈಪಿಡಿ ತೆಗೆದು ನೋಡಿ, ಪ್ರಶ್ನೆ ಕೇಳಿ, ಮತಪತ್ರ ಕೊಟ್ಟರು. ಅವನು ಮುದ್ರೆ ಒತ್ತಿದ. ಅದು ಬೇರೆ ಲಕೋಟೆಗೆ ಹೋಯಿತು. ಅಂಥ ಮತವನ್ನು ಸಾಮಾನ್ಯವಾಗಿ ಎಣಿಸುವುದಿಲ್ಲ. ನ್ಯಾಯಾಲಯ ಹೇಳಿದರೆ ಉಂಟು. ಇದನ್ನು ಅವನಿಗೆ ಹೇಳುವಾಗ ನಮ್ಮ ನಾಲಿಗೆ ಒಣಗಿತ್ತು. ಅವನಂದ: "ಇರ್ಲಿ ಬುಡಿ ಮೇಷ್ಟ್ರೇ, ನಾ ಬಂದಿದ್ದೆ ಅಂತಾದ್ರೂ ಬರ್ಕಂಡ್ರಲ್ಲ."

ಗೆಳೆಯರೇ, ಓಟು ಕದಿಯುವವರು ಬಂದೂಕು ಹಿಡಿದೇ ಬರಬೇಕೆಂದೇನಿಲ್ಲ. ಬಿಹಾರದ ಬೇಗುಸರಾಯ್ ಜಿಲ್ಲೆಯಲ್ಲಿ 1957ರಲ್ಲೇ ಮತಗಟ್ಟೆ ವಶ ನಡೆಯಿತು. ಅದನ್ನೊಂದು ಅಪರಾಧವೆಂದು ಕಾನೂನಿಗೆ ಸೇರಿಸಲು 1989 ಬರಬೇಕಾಯಿತು. ನಮ್ಮ ಗಟ್ಟೆಯಲ್ಲಿ ಬಂದೂಕಿರಲಿಲ್ಲ. ಅವಸರವಿತ್ತು, ನಮ್ಮ ಅಜಾಗರೂಕತೆಯಿತ್ತು. ಅಷ್ಟೇ ಸಾಕಾಯಿತು.

ಸಂಜೆ ಆರಕ್ಕೆ ಸಾಲಿನಲ್ಲಿ ನಿಂತವರಿಗೆ ಚೀಟಿ ಹಂಚುತ್ತಾರೆ. ಅದನ್ನು ಹಂಚುವುದು ಬಾಲದಿಂದ. ಕಟ್ಟಕಡೆಯವರಿಗೆ ಒಂದನೇ ನಂಬರು, ಅವರ ಹಿಂದೆ ಇನ್ಯಾರೂ ಸೇರುವ ಹಾಗಿಲ್ಲ. ಅವತ್ತು ಒಂದನೇ ನಂಬರು ಸಿಕ್ಕಿದ್ದು ಕೂಲಿ ಮುಗಿಸಿ ಓಡಿಬಂದ ಅಜ್ಜಿಗೆ. "ನನ್ನೆಸ್ರು ಐತಾ ನೋಡು ಮಗಾ" ಅಂದಳು. ಈ ಸಲ ನಾವು ಮೊದಲು ಮುಖ ನೋಡಿದೆವು, ಗುರುತಿನ ಚೀಟಿ ನೋಡಿದೆವು, ಆಮೇಲೆ ಎದ್ದು ನಿಂತು ಅವಳ ಪೂರ್ತಿ ಹೆಸರನ್ನು ಕೋಣೆಗೆಲ್ಲ ಕೇಳುವಂತೆ ಕೂಗಿದೆವು.