ಶ್ರೀರಂಗಪಟ್ಟಣದ ರೈಲುದಾರಿಯೂ ಮದ್ದಿನ ಮನೆಯೂ

ಶ್ರೀರಂಗಪಟ್ಟಣಕ್ಕೆ ಬರುವ ಯಾತ್ರಿಕರು ಶ್ರೀರಂಗನಾಥಸ್ವಾಮಿಯ ದೇವಾಲಯವನ್ನೂ, ದರಿಯಾ ದೌಲತ್ತನ್ನೂ, ಗುಂಬಜನ್ನೂ, ಟಿಪ್ಪುಸುಲ್ತಾನನು ಮಡಿದ ಸ್ಥಳವನ್ನೂ ನೋಡಿಕೊಂಡು ಹಿಂದಿರುಗುವರು. ಕಾವೇರಿಯ ಎರಡು ಕವಲುಗಳನ್ನೂ ದಾಟಿ, ಹಳೆಯ ಕೋಟೆಯ ಒಳಗಿನಿಂದಲೇ ಹಾದುಹೋಗುವ ರೈಲುದಾರಿಯನ್ನು ಚರಿತ್ರೆಯ ವಸ್ತುವೆಂದು ಎಣಿಸುವವರು ವಿರಳ. ಆದರೂ ಈ ಸೀಮೆಯ ಜನಜೀವನವನ್ನು ಆ ದಾರಿ ಮಾರ್ಪಡಿಸಿದಷ್ಟು ಮತ್ತಾವುದೂ ಮಾರ್ಪಡಿಸಿದಂತೆ ತೋರುವುದಿಲ್ಲ. ಅದಕ್ಕಾಗಿ ನಾವು ತೆತ್ತ ಬೆಲೆಯನ್ನೂ ಉಳಿಸಿಕೊಂಡ ವಸ್ತುವನ್ನೂ ಇಲ್ಲಿ ಸ್ವಲ್ಪಮಟ್ಟಿಗೆ ವಿಚಾರಿಸೋಣ.

ಈ ದಾರಿ ಹುಟ್ಟಿದುದು ಕಷ್ಟಕಾಲದಲ್ಲಿ. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಾಳುಗೆಡವಿದ ಬರಗಾಲವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮವೆಂದು ಕರೆಯುತ್ತಿದ್ದರು. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿದ್ದಿತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಕ್ಕೆ ಇಳಿದಿದ್ದಿತು. ಈ ಎರಡು ಅಂಕಿಗಳ ನಡುವಣ ಅಂತರವೇ ಆ ಕಾಲದ ಸಂಕಟವನ್ನು ಹೇಳುತ್ತದೆ. ಸಂಸ್ಥಾನವು ಆಗ ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದಿತು. ಮೈಯಲ್ಲಿ ಕಸುವುಳ್ಳವರಿಗೆ ಗಂಜಿಗೆ ಬದಲಾಗಿ ದೊಡ್ಡ ಕಾಮಗಾರಿಗಳಲ್ಲಿ ಕೂಲಿ ಕೊಡಬೇಕೆಂಬ ನೀತಿ ಬಲಗೊಂಡು, ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿಯ ಮಣ್ಣಿನ ಕೆಲಸವು 1877ರಲ್ಲಿ ಕ್ಷಾಮಪರಿಹಾರದ ರೂಪದಲ್ಲಿ ಆರಂಭವಾಯಿತು. 1881ರ ಮಾರ್ಚಿಯಲ್ಲಿ ರಾಜ್ಯಾಧಿಕಾರವು ಚಾಮರಾಜೇಂದ್ರ ಒಡೆಯರಿಗೆ ಮರಳಿತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಕೆಲಸ ಮುಂದುವರಿದು, 1882ರಲ್ಲಿ ಹಳಿಯು ಮೈಸೂರನ್ನು ಮುಟ್ಟಿತು. ಸುಮಾರು 86 ಮೈಲಿಯ ಆ ಮೀಟರ್ ಗೇಜ್ ದಾರಿಗೆ ಮಣ್ಣು ಹೊತ್ತವರ ಹೆಸರು ಯಾವ ಶಿಲೆಯ ಮೇಲೂ ಇಲ್ಲ.

ಅಂದಿನ ಇಂಜಿನಿಯರರು ಕೋಟೆಯ ವಿಷಯದಲ್ಲಿ ಹೆಚ್ಚಿನ ಸಂಕೋಚ ಪಟ್ಟಂತೆ ಕಾಣುವುದಿಲ್ಲ. 1799ರ ಮೇ 4ರಂದು ಶತ್ರುವಶವಾದ ಕೋಟೆ ಅದು. ದುರ್ಗವಾಗಿ ಅದರ ಉಪಯೋಗ ರೈಲು ಬರುವ ಮೊದಲೇ ಮುಗಿದಿದ್ದಿತು. ಗೋಡೆಯನ್ನು ಬಿಡಿಸಿ ದಾರಿ ಮಾಡಿದರು, ಒಳಗೆ ನಿಲ್ದಾಣವನ್ನು ಕಟ್ಟಿದರು. ಪ್ರಾಚೀನ ವಸ್ತುಗಳನ್ನು ಕಾಪಾಡುವುದು ಜನರ ಕರ್ತವ್ಯವೆಂಬ ಭಾವನೆ ಆಗ ಇನ್ನೂ ಎಳೆಯದು. ಹಸಿವಿನಿಂದ ಸಾಯುತ್ತಿದ್ದವರ ಮುಂದೆ ಹಾಳುಗೋಡೆಯ ಪರವಾಗಿ ವಾದಿಸುವುದೂ ಸುಲಭವಾಗಿರಲಿಲ್ಲ.

ದಾರಿಯಿಂದಾದ ಪ್ರಯೋಜನ ಅಲ್ಪವಾದುದಲ್ಲ. ಶ್ರೀರಂಗಪಟ್ಟಣದ ಆಚೆಗಿನ ಪಾಂಡವಪುರದ ನಿಲ್ದಾಣಕ್ಕೆ ಬಹುಕಾಲ ಫ್ರೆಂಚ್ ರಾಕ್ಸ್ ಎಂದು ಹೆಸರಿದ್ದಿತು. ಹೈದರ್ ಟಿಪ್ಪುಗಳ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟುದರ ಕುರುಹು ಅದು. ಬೆಳಗಿನ ಗಾಡಿಯಲ್ಲಿ ವಿದ್ಯಾರ್ಥಿಗಳೂ, ಕಚೇರಿಯ ನೌಕರರೂ, ಹೂವು ಸೊಪ್ಪುಗಳ ಮಂಕರಿ ಹೊತ್ತ ಹೆಂಗಸರೂ ಮೈಸೂರಿಗೋ ಬೆಂಗಳೂರಿಗೋ ಹೋಗಿ, ಕತ್ತಲಾಗುವ ವೇಳೆಗೆ ಮನೆ ಸೇರುವರು. ಊರು ಬಿಡದೆ ನಗರದಲ್ಲಿ ದುಡಿಯುವ ಈ ಭಾಗ್ಯ ನೆರೆಯ ತಾಲ್ಲೂಕುಗಳಿಗೆ ಸಮನಾಗಿ ದೊರೆಯಲಿಲ್ಲ. ಕೃಷ್ಣರಾಜಪೇಟೆಯ ತಾಲ್ಲೂಕಿನಲ್ಲಿ ಮೈಸೂರು ಹಾಸನಗಳ ದಾರಿಯು ಅಕ್ಕಿಹೆಬ್ಬಾಳು ಮಂದಗೆರೆಗಳ ಅಂಚನ್ನು ಮಾತ್ರ ಸವರಿಕೊಂಡು ಹೋಗುತ್ತದೆ. ನಾಗಮಂಗಲದ ತಾಲ್ಲೂಕಾದರೋ, ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ಹೋಗುವ ದಾರಿ ಪೂರ್ಣವಾಗಿ ತೆರೆಯುವುದಕ್ಕೆ 2017ರವರೆಗೂ ಕಾಯಬೇಕಾಯಿತು.

ಅದೇ 2017ರಲ್ಲಿ ಶ್ರೀರಂಗಪಟ್ಟಣದ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದುರಾಯಿತು. ಮೀಟರ್ ಗೇಜ್ ಹೋಗಿ ಬ್ರಾಡ್‌ಗೇಜ್ ಬಂದಿದ್ದಿತು, ಗಾಡಿಗಳು ಹೆಚ್ಚಿದ್ದವು, ಜೋಡಿಹಳಿ ಅನಿವಾರ್ಯವಾಗಿದ್ದಿತು. ಬೇರೆಡೆಗಳಲ್ಲಿ ಕೆಲಸ ಮುಂದುವರಿದರೂ ಇಲ್ಲಿ ನಿಂತುಹೋಯಿತು. ಎರಡನೆಯ ಹಳಿ ಬರಬೇಕಾದ ಜಾಗದಲ್ಲಿಯೇ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದಿದ್ದಿತು. ಇಟ್ಟಿಗೆ ಗಾರೆಗಳಿಂದ ಕಟ್ಟಿ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಹುದುಗಿಸಿದ ಕಟ್ಟಡವದು. ಈ ಸಲ ಕೆಡಹುವ ಮಾತು ನಡೆಯಲಿಲ್ಲ. ಸುತ್ತಲಿನ ಮಣ್ಣನ್ನು ತೆಗೆದು, ಅಡಿಪಾಯದ ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕಿಗಳಿಂದ ಇಡೀ ಕಟ್ಟಡವನ್ನು ಮೇಲೆತ್ತಿದರು. ಸುಮಾರು 1000 ಟನ್ ತೂಕದ ಆ ರಾಶಿಯನ್ನು ಚಕ್ರಗಳ ಮೇಲೆ ಕೂರಿಸಿ, ನೂರು ಮೀಟರಿನಷ್ಟು ದೂರಕ್ಕೆ ಮೆಲ್ಲಮೆಲ್ಲನೆ ಸಾಗಿಸಿ ಹೊಸ ನೆಲೆಯಲ್ಲಿ ಇಳಿಸಿದರು. ಅಮೆರಿಕದ ಮತ್ತು ದೆಹಲಿಯ ಪರಿಣತರು ಸೇರಿ ಮಾಡಿದ ಈ ಕಾರ್ಯಕ್ಕೆ ಕೋಟಿಗಟ್ಟಲೆ ರೂಪಾಯಿ ವೆಚ್ಚವಾಯಿತು.

ಜನನಿಬಿಡವಾದ ಮಹಾನಗರಗಳು ಇಂತಹ ತೊಡಕನ್ನು ಬೇರೊಂದು ಬಗೆಯಲ್ಲಿ ಪರಿಹರಿಸಿಕೊಂಡಿವೆ. ಜಪಾನಿನ ಟೋಕಿಯೋ ನಗರದಲ್ಲಿ ಅಸಕುಸ ಉಯೆನೋಗಳ ನಡುವೆ 1927ರ ಡಿಸೆಂಬರಿನಲ್ಲಿಯೂ, ಒಸಾಕದಲ್ಲಿ 1933ರಲ್ಲಿಯೂ ನೆಲದಡಿಯ ರೈಲು ಓಡತೊಡಗಿತು. ಮೇಲಿನ ಬೀದಿ ಮನೆಗಳನ್ನು ಆದಷ್ಟು ಇದ್ದಂತೆಯೇ ಬಿಟ್ಟು ಜನರನ್ನು ಭೂಮಿಯೊಳಗೆ ಸಾಗಿಸುವುದು ಅಲ್ಲಿಯ ಉಪಾಯ. ನಮ್ಮ ಬೆಂಗಳೂರಿನಲ್ಲಿಯೂ 2016ರ ಏಪ್ರಿಲಿನಿಂದ ವಿಧಾನಸೌಧದ ಆವರಣಕ್ಕೆ ಸುರಂಗದಲ್ಲಿ ಹೋಗಬಹುದಾಗಿದೆ. ಅಲ್ಲೆಲ್ಲ ಗಾಡಿಯು ಭೂಮಿಗಿಳಿಯಿತು. ಇಲ್ಲಿ ಭೂಮಿಯಲ್ಲಿದ್ದ ಕಟ್ಟಡವು ಮೇಲೆದ್ದು ಗಾಡಿಗೆ ದಾರಿ ಬಿಟ್ಟಿತು.

ನೆಲೆ ತಪ್ಪಿದ ಸ್ಮಾರಕವು ಅರೆಸಾಕ್ಷಿಯೆಂದು ಕೆಲವರು ಆಕ್ಷೇಪಿಸಬಹುದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮದ್ದನ್ನು ಎಲ್ಲಿ ಕೂಡಿಟ್ಟಿದ್ದರು, ಅದು ಕೋಟೆಯ ಗೋಡೆಗೆಷ್ಟು ದೂರ, ಯಾವ ಕೊತ್ತಲಕ್ಕೆ ಸಮೀಪ ಎಂಬುದನ್ನು ಕಟ್ಟಡವು ತನ್ನ ಮೊದಲ ಜಾಗದಲ್ಲಿದ್ದಾಗ ಮಾತ್ರ ಹೇಳಬಲ್ಲದು. ಆದುದರಿಂದ ಅದು ಮೊದಲು ನಿಂತಿದ್ದ ಸ್ಥಳದಲ್ಲಿ ಒಂದು ಗುರುತಿನ ಕಲ್ಲಾದರೂ ಇರಬೇಕಾದುದು ನ್ಯಾಯ. ಹಾಗೆಂದು, ದಿನವೂ ಹೋಗಿಬರುವ ಸಹಸ್ರಾರು ಜನರ ಹೊತ್ತನ್ನು ಅಲಕ್ಷ್ಯ ಮಾಡುವುದೂ ಸರಿಯಲ್ಲ. ಕೋಟೆಯ ಗೋಡೆಯನ್ನು ಒಡೆದಾಗ ಇಲ್ಲದಿದ್ದ ಒಂದು ವಿವೇಕ ಮದ್ದಿನ ಮನೆಯನ್ನು ಎತ್ತಿದಾಗ ನಮಗೆ ಬಂದಿದ್ದಿತು. ಅದನ್ನು ಬೆಳೆಸಿಕೊಳ್ಳಬೇಕಾದುದು ಮುಖ್ಯ.

ಇನ್ನೊಂದು ಋಣ ಉಳಿದಿದೆ. ಸುಲ್ತಾನನ ಮದ್ದಿನ ಮನೆಗೆ ಹೊಸ ನೆಲೆ ದೊರೆಯಿತು. ಧಾತು ಈಶ್ವರದಲ್ಲಿ ಹೊಟ್ಟೆಗಿಲ್ಲದೆ ಈ ದಾರಿಗೆ ಮಣ್ಣು ಹೊತ್ತವರಿಗೆ ಸ್ಮಾರಕವಿಲ್ಲ. ಮುಂದೊಮ್ಮೆ ಕಾವೇರಿಯ ಸೇತುವೆಯ ಮೇಲೆ ಗಾಡಿ ಸದ್ದುಮಾಡುತ್ತ ಕೋಟೆಯೊಳಕ್ಕೆ ನುಗ್ಗುವಾಗ, ವಾಚಕರು ಕಿಟಕಿಯಿಂದ ಸುಲ್ತಾನನ ಗೋಡೆಯನ್ನು ನೋಡುವುದರ ಜೊತೆಗೆ, ಹಳಿಯ ಕೆಳಗಣ ಆ ಏರಿಯನ್ನೂ ಒಂದು ಕ್ಷಣ ನೆನೆಯಲಿ.