ಬೇಸಲ್ ಇನ್ಸುಲಿನ್ ಪ್ರಮಾಣದ ಹೊಂದಾಣಿಕೆ

ಊಟವಿಲ್ಲದ ಹೊತ್ತಿನಲ್ಲೂ ಯಕೃತ್ತು ರಕ್ತಕ್ಕೆ ಬಿಡುತ್ತಲೇ ಇರುವ ಗ್ಲೂಕೋಸನ್ನು ಹತೋಟಿಯಲ್ಲಿಡಲು ಮಧುಮೇಹಿಗಳು ತೆಗೆದುಕೊಳ್ಳುವ ದೀರ್ಘಾವಧಿ ಇನ್ಸುಲಿನ್‌ನ ಅಳತೆಯನ್ನು ಹಂತಹಂತವಾಗಿ ಸರಿಪಡಿಸುವ ಕ್ರಮ. ಗ್ಲಾರ್ಜಿನ್, ಡೆಗ್ಲುಡೆಕ್ ಈ ಬಗೆಯವು. ಬೆಂಗಳೂರಿನ ಬಯೋಕಾನ್ 2009ರಲ್ಲಿ ತನ್ನ ಗ್ಲಾರ್ಜಿನನ್ನು ‘ಬೇಸಲಾಗ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಟೈಪ್ 2 ಮಧುಮೇಹದಲ್ಲಿ ಸಾಮಾನ್ಯವಾಗಿ ದಿನಕ್ಕೆ 10 ಯೂನಿಟ್, ಇಲ್ಲವೇ ದೇಹತೂಕದ ಪ್ರತಿ ಕಿಲೋಗೆ 0.1–0.2 ಯೂನಿಟ್‌ನಿಂದ ಆರಂಭ. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಗುರಿಗೆ (ಬಹುಪಾಲು ವಯಸ್ಕರಿಗೆ ಡೆಸಿಲೀಟರಿಗೆ 80–130 ಮಿ.ಗ್ರಾಂ.) ಬರುವವರೆಗೆ, ವೈದ್ಯರ ಸೂಚನೆಯಂತೆ, ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾರೆ. ಕಾರಣ ತಿಳಿಯದೆ ಸಕ್ಕರೆ 70ಕ್ಕಿಂತ ಇಳಿದರೆ ಶೇ. 10–20ರಷ್ಟು ಕಡಿತ. ಒಂದೇ ದಿನದ ಅಂಕಿ ನೋಡಿ ಏರಿಸುವುದು ಅಪಾಯಕರ. ರಾತ್ರಿಯ ಮುದ್ದೆಯೂಟದ ನಂತರ ಏರುವ ಸಕ್ಕರೆಯನ್ನು ಬೇಸಲ್ ಹೆಚ್ಚಿಸಿಯೇ ಇಳಿಸಹೊರಟರೆ ನಸುಕಿನಲ್ಲಿ ಸಕ್ಕರೆ ಕುಸಿಯಬಹುದು, ಕಿಲೋಗೆ 0.5 ಯೂನಿಟ್ ದಾಟಿದಾಗ ಊಟದ ಇನ್ಸುಲಿನ್ ಅಥವಾ ಬೇರೆ ಔಷಧದ ಅಗತ್ಯವನ್ನು ಪರಿಶೀಲಿಸಬೇಕು. ಟೈಪ್ 1 ಇದ್ದವರು ಜ್ವರ, ವಾಂತಿಯಿದ್ದು ಊಟ ಬಿಟ್ಟ ದಿನವೂ ಬೇಸಲ್ ನಿಲ್ಲಿಸುವಂತಿಲ್ಲ.

ಭಾರತದಲ್ಲಿ ಮಿಲಿಲೀಟರಿಗೆ 40 ಮತ್ತು 100 ಯೂನಿಟ್‌ಗಳ ಇನ್ಸುಲಿನ್ ಎರಡೂ ಬಳಕೆಯಲ್ಲಿವೆ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಎರಡೂವರೆ ಪಟ್ಟು ಸೇರುತ್ತದೆ.